ನಾಲ್ಕನೆಯ ಮೂಲ

"ಭಾಸ್ಕರ ಸರ್, ಹೆಗಲು ಬದಲಿಸ್ತ್ರಾ?" ಚಟ್ಟದ ಮುಂದಿನ ತುದಿ ಹೊತ್ತಿದ್ದ ನೆರೆಮನೆಯ ದುರ್ಗಪ್ಪ ಕತ್ತು ಹೊರಳಿಸಿ ಕೇಳಿದ.

"ಬೇಡ," ಎಂದರು ಭಾಸ್ಕರರು.

ಹೆಗಲಿಗಿಂತ ಬೆನ್ನ ಹಿಂದಿನ ಜನ ಭಾರವಾಗಿದ್ದರು. ಭಟ್ಕಳದಿಂದ, ಕುಮಟೆಯಿಂದ, ಮಾವಿನಕುರ್ವೆಯಿಂದ ಬಂದವರು, ಇನ್ನೂರಕ್ಕೆ ಕಡಿಮೆಯಿಲ್ಲ. ಬಸ್‌ಸ್ಟ್ಯಾಂಡ್ ಹಿಂದಿನ ಮಹಡಿಯಲ್ಲಿ ಟ್ಯೂಶನ್ ಹೇಳುತ್ತಿದ್ದ ನಾಗಪತಿ ಮಾಸ್ತರಿಗೆ, ಬರೀ ಬಿ.ಎಸ್ಸಿ. ಓದಿದವನಿಗೆ, ಇಷ್ಟು ಜನ! ಮೂವತ್ತು ವರ್ಷ ಕಾಲೇಜಿನಲ್ಲಿ ಗಣಿತ ಕಲಿಸಿದ ತನ್ನ ಚಟ್ಟದ ಹಿಂದೆ ಇದರ ಕಾಲುಭಾಗವಾದರೂ ಬಂದಾರೇ?

"ಎಲ್ಲಾ ನಿಮ್ಮ ಕಾಲೇಜಿನ ಮಕ್ಕಳೇ ಅಲ್ದಾ?" ಎಲ್ಲಿ ಚುಚ್ಚುತ್ತಿದ್ದೇನೆಂದು ತಿಳಿಯದೆ ದುರ್ಗಪ್ಪ ಹೇಳಿದ. "ಭಾಸ್ಕರ ಸರ್ ಹತ್ರ ಹಾಜರಿ, ಮಾಸ್ತರ ಹತ್ರ ಲೆಕ್ಕ ಅಂತಿದ್ಲು ನಮ್ಮ ಹುಡುಗಿ."

*

ಹತ್ತು ವರ್ಷದ ಹಿಂದೆ ಭಾಸ್ಕರರು ಒಮ್ಮೆ ಆ ಮಹಡಿ ಹತ್ತಿದ್ದರು, ಅಲ್ಲಿ ಮಕ್ಕಳಿಗೆ ಎಂತ ಮದ್ದು ಹಾಕುತ್ತಾರೆಂದು ನೋಡಲು. ಹಲಗೆಯ ಮೇಲೆ ನಾಲ್ಕನೆಯ ಘಾತದ ಸಮೀಕರಣ. "ಒಂದು ಹಾಕಿ ನೋಡು. ಸೊನ್ನೆ ಬಂತಾ? ಆತು, ಒಂದು ಮೂಲ ಸಿಕ್ತು. ಈಗ ಮೈನಸ್ ಎರಡು ಹಾಕು," ಎಂದು ನಾಗಪತಿ ಗಾಳ ಹಾಕಿ ಕೂತವನ ತಾಳ್ಮೆಯಲ್ಲಿ ಹೇಳುತ್ತಿದ್ದ. ಬಾಗಿಲಲ್ಲಿ ಇವರನ್ನು ಕಂಡದ್ದೇ ಚಾಕ್‌ಪೀಸ್ ಮುಂದೆ ಹಿಡಿದ.

"ಬನ್ನಿ ಸರ್, ಉಳಿದದ್ದು ನೀವೇ ಮಾಡಿ."

ಭಾಸ್ಕರರು ಎರಡೇ ನಿಮಿಷದಲ್ಲಿ ಮುಗಿಸಿದರು. ಒಂದು ಚಿಹ್ನೆಯೂ ತಪ್ಪಲಿಲ್ಲ. ಮಕ್ಕಳು ಸುಮ್ಮನೆ ಬರೆದುಕೊಂಡರು. ಮೆಟ್ಟಿಲಿಳಿಯುವಾಗ ಮೇಲಿಂದ ಜೋರು ನಗು ಕೇಳಿತು. ಯಾಕೆಂದು ಅವರು ಯಾರನ್ನೂ ಕೇಳಲಿಲ್ಲ; ಆ ನಗುವನ್ನು ಮರೆಯಲೂ ಇಲ್ಲ.

*

ಕಟ್ಟಿಗೆ ಒಟ್ಟಿ ಮುಗಿದಾಗ ದಿವ್ಯಶ್ರೀ ಮುಂದೆ ಬಂದಳು. ಮಾಸ್ತರ ಶಿಷ್ಯೆ, ಈಗ ಕುಮಟೆಯಲ್ಲಿ ಪಿಯುಸಿಗೆ ಗಣಿತ ಹೇಳುತ್ತಾಳೆ. ಹೆಂಗಸರು ಮಸಣಕ್ಕೆ ಬರೂದಿಲ್ಲ ಎಂದವರ ಮಾತು ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ.

"ಸರ್, ಮಾಸ್ತರ ಹೆಂಡ್ತಿ ಗಂಗಕ್ಕ ಕೊಟ್ರು. ಆಸ್ಪತ್ರೆಯಲ್ಲಿ ದಿಂಬಿನಡಿ ಇತ್ತಂತೆ. ಅವರ ಕೊನೇ ಲೆಕ್ಕ." ಕಾಗದ ಬಿಡಿಸಿದಳು. "ಇನ್ನೊಬ್ಬರು ತಾಳೆ ನೋಡದ ಉತ್ತರ ಮನೆಗೆ ಒಯ್ಯಲು ಅವರು ಬಿಡ್ತಿರ್ಲಿಲ್ಲ. ನೀವು ನೋಡಿ ಸಹಿ ಹಾಕಿದ್ರೆ ಚಿತೆಗಿಟ್ಟು ಅವರ ಸಂಗ್ತಿಗೇ ಕಳಿಸ್ತೇವೆ."

x⁴ − 3x³ + 7x² + 21x − 26 = 0. ಕೆಳಗೆ ನಾಲ್ಕು ಮೂಲಗಳು: 1, −2, 2 + 3i, 2 − 3i.

ಭಾಸ್ಕರರು ಮನಸ್ಸಿನಲ್ಲೇ ಒಂದನ್ನು ಹಾಕಿದರು. ಸೊನ್ನೆ. ಮೈನಸ್ ಎರಡು ಹಾಕಿದರು. ಸೊನ್ನೆ. ಉಳಿದ ಮಿಶ್ರ ಮೂಲಗಳೂ ಸರಿ. ಅಕ್ಷರ ನಡುಗಿತ್ತು, ಲೆಕ್ಕ ನಡುಗಿರಲಿಲ್ಲ. ಸಾಯುವವನಿಗೂ ತಪ್ಪು ಮಾಡಲು ಬರುವುದಿಲ್ಲವೇ? ಇನ್ನೂರು ಜನ ಉಸಿರು ಹಿಡಿದು ತನ್ನ ಬಾಯನ್ನೇ ನೋಡುತ್ತಿದ್ದಾರೆ. ಹೀಗಾದದ್ದು ಇದೇ ಮೊದಲು.

"ಕೊನೇದು ತಪ್ಪಾಗಿದೆ," ಎಂದರು.

"ಮಾಸ್ತರದ್ದಾ?" ಹಿಂದೆ ಯಾರೋ ಉದ್ಗರಿಸಿದರು. ಆ ದನಿ ಭಾಸ್ಕರರಿಗೆ ಎಷ್ಟೋ ವರ್ಷದ ಹಸಿವಿಗೆ ಊಟ ಸಿಕ್ಕಂತಿತ್ತು.

"ಸರಿ ಮಾಡಿಕೊಡಿ ಸರ್." ಅವಳು ನೀಲಿ ಪೆನ್ನು ಚಾಚಿದಳು.

ಭಾಸ್ಕರರು ಕೊನೆಯ ಮೂಲದ ಮೂರನ್ನು ಹೊಡೆದು ಐದು ಬರೆದರು, ಕೆಳಗೆ ಸಹಿ ಹಾಕಿದರು.

ದಿವ್ಯಶ್ರೀ ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಅವರಿಗೊಬ್ಬರಿಗೇ ಕೇಳುವಷ್ಟು ಮೆಲ್ಲಗೆ, "ಇವು ಜೋಡಿ ಅಲ್ದಾ ಸರ್? ಒಂದರಲ್ಲಿ ಮೂರಿದ್ರೆ ಇನ್ನೊಂದರಲ್ಲೂ ಮೂರೇ. ಪಿಯುಸಿ ಮಕ್ಕಳೂ ಹೀಗೆ ಬರೆಯೂದಿಲ್ಲ," ಎಂದಳು.

ಭಾಸ್ಕರರು ಕೈ ಚಾಚಿದರು. ಅವಳು ಕಾಗದ ಕೊಡಲಿಲ್ಲ. ಮಡಚಿ, ಮಾಸ್ತರ ಎದೆಯ ಮೇಲಿನ ಕಟ್ಟಿಗೆಗೆ ಸಿಕ್ಕಿಸಿ ಹಿಂದೆ ಸರಿದಳು.

ಬೆಂಕಿ ಹತ್ತಿತು. ಶಾಖಕ್ಕೆ ಕಾಗದದ ಮಡಿಕೆ ಒಂದೊಂದಾಗಿ ಬಿಚ್ಚಿಕೊಂಡು, ನೀಲಿ ಐದೂ ಸಹಿಯೂ ಇದ್ದ ಬದಿ ಜನರತ್ತ ತಿರುಗಿ ನಿಂತಿತು. ಭಾಸ್ಕರರು ಸರ್ರನೆ ಹೋಗಿ ಅದಕ್ಕೆ ಅಡ್ಡ ನಿಂತರು. ಹುಬ್ಬು ಸುಟ್ಟ ವಾಸನೆ ಬಂತು.

"ಹಿಡ್ಕಳಿ ಮಾರಾಯ್ರೆ, ಬಿದ್ದೇಬಿಡ್ತಾರೆ!" ದುರ್ಗಪ್ಪ ಅಳುತ್ತ ಕೂಗಿದ. "ಸ್ನೇಹ ಅಂದ್ರೆ ಎಂತ ಅಂತ ನೋಡಿ!"

ಇಬ್ಬರು ರಟ್ಟೆ ಹಿಡಿದು ಎಳೆದರು. ಕಾಗದ ಪೂರ್ತಿ ಕರ್ರಗಾಗುವವರೆಗೂ ಭಾಸ್ಕರರು ಕಾಲೂರಿ ನಿಂತೇ ಇದ್ದರು.