ಮರಳು ಮೆತ್ತಿದ ಚಂದ್ರ

ನಾಟಕಕ್ಕೆ ಬೇಕಾದ ಚಂದ್ರನನ್ನು 'ಬಣ್ಣದ ಅಕ್ಕ' ಕಾಗದ, ಅಂಟು ಮೆತ್ತಿ ಬಿಂದಿಗೆಯಷ್ಟು ದೊಡ್ಡದಾಗಿ ಮಾಡಿದ್ದಳು. ರಂಗಮಂದಿರದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ಉಪ್ಪುಕಾಗದದಿಂದ ತಿಕ್ಕಿ ತಿಕ್ಕಿ ಬೆಣ್ಣೆಯಷ್ಟು ನಯ ಮಾಡಿ, ಬಿಳಿ ಬಳಿದಿದ್ದಳು. ಈ ಸಲ ಅವಳಿಗೆ ಹಟ. "ಅಂಟು ಮೆತ್ತೋದೂ ಒಂದು ಕೆಲಸಾನಾ?" ಎಂದು ಮೂಗು ಮುರಿಯುತ್ತಲೇ ಬಂದಿದ್ದ ಅಮ್ಮ ನಾಳೆ ಮೊದಲ ಬಾರಿಗೆ ನಾಟಕ ನೋಡಲು ಬರುವವಳಿದ್ದಳು. ಅವಳಿಂದ ಒಂದು ಒಳ್ಳೆಯ ಮಾತು ಕೇಳಬೇಕೆಂದು ಮಗಳ ಜೀವ ಚಡಪಡಿಸುತ್ತಿತ್ತು.

ರಂಗದ ಮೇಲೆ ಕಟ್ಟಿದ್ದ ಮನೆಯ ಕಿಟಕಿಯಾಚೆ ಚಂದ್ರನನ್ನು ತೂಗುಹಾಕಿದರು. ನಾಟಕದ ದೀಪ ನೋಡಿಕೊಳ್ಳುತ್ತಿದ್ದ ಅವಳ ಸೋದರಮಾವ ಕೊನೆಯ ಸಾಲಿನ ಹಿಂದೆ ನಿಂತು ದೀಪ ಬಿಟ್ಟ. ನಡುವೆ ಫಳಫಳ, ಅಂಚೆಲ್ಲ ಕಪ್ಪು.

"ಚಂದ್ರ ಅಲ್ಲಮ್ಮ ಇದು, ಚೆಂಡು. ನಾಳೆ ಕಿಟಕಿ ಮುಚ್ಚಿಬಿಡೋಣ," ಎಂದು ನಿರ್ದೇಶಕರು ಎದ್ದು ಹೋದರು.

ಅವಳಿಗೆ ಅಳುವೇ ಬಂತು. ಮಾವ ದೀಪವನ್ನು ಪಕ್ಕದ ದುಂಡು ಕಂಬದತ್ತ ತಿರುಗಿಸಿದ. ಒರಟು ಗಾರೆಯ ಕಂಬ. ಅದರ ನಡುವೆಷ್ಟು ಬೆಳಕೋ ಅಂಚಿಗೂ ಹೆಚ್ಚುಕಡಿಮೆ ಅಷ್ಟೇ. ಕಂಬ ಹಲಗೆಯಂತೆ ಚಪ್ಪಟೆಯಾಗಿ ಕಂಡಿತು.

"ಇದ್ಯಾಕೆ ಮಾವ ಹೀಗೆ?"

"ಒರಟು ಮೈ ಅಲ್ವೇನೆ? ಅಂಚಿನಲ್ಲಿರೋ ಹರಳಿಗೂ ದೀಪದ ಕಡೆಗೊಂದು ಕೆನ್ನೆ ಇರುತ್ತೆ. ಬೆಳಕು ಬಂದ ದಾರೀಲೇ ವಾಪಸ್ ಬರುತ್ತೆ. ಹುಣ್ಣಿಮೆ ಚಂದ್ರ ತಟ್ಟೆ ಥರ ಕಾಣೋದೂ ಅದಕ್ಕೇ. ಅವನ ಮೈಯೆಲ್ಲ ದೂಳು, ಕಲ್ಲು. ನೀನು ಅವನಿಗೆ ಕ್ಷೌರ ಮಾಡಿಸಿಬಿಟ್ಟಿದ್ದೀಯ!"

ಅಷ್ಟು ನಯವಾದ ಮೈಯನ್ನು ಕೈಯಾರೆ ಕೆಡಿಸಲು ಅವಳಿಗೆ ಮನಸ್ಸು ಬರಲಿಲ್ಲ. ಆದರೂ ಅಂಟು ಬಳಿದು, ಮರಳು ಎರಚಿ, ಮತ್ತೆ ಬಿಳಿ ಹಚ್ಚಿದಳು. ಬೆಳಗ್ಗೆ ನಿರ್ದೇಶಕರು ಬಂದು ನೋಡಿ, ಕಿಟಕಿ ತೆರೆದೇ ಇರಲಿ ಎಂದರು.

ನಾಟಕ ಮುಗಿದ ಮೇಲೆ ಅಮ್ಮ ಸೆರಗು ಸರಿಮಾಡಿಕೊಳ್ಳುತ್ತ ಬಂದಳು. "ಪರವಾಗಿಲ್ಲ. ಆದ್ರೆ ನೀನು ಮಾಡಿದ್ದು ಯಾವುದು ಅಂತಾನೇ ಗೊತ್ತಾಗ್ಲಿಲ್ಲ ಕಣೆ. ಹಿಂದಿನ ಗೋಡೆ ತೆಗೆದು ಆಕಾಶದ ಚಂದ್ರನ್ನ ತೋರಿಸಿದ್ರಲ್ಲ, ಅವನನ್ನೇ ನೋಡ್ತಾ ಕೂತ್ಬಿಟ್ಟೆ."

ಮಾವ ಬಾಯಿ ತೆರೆದ. ಮಗಳು ಅವನ ತೋಳು ಚಿವುಟಿದಳು. ನಿಜ ಹೇಳಲು ಮನೆಯವರೆಗೂ ದಾರಿ ಇತ್ತು.