ಬ್ಯಾಟರಿಗೆ ಬಾರದವರು

ಬೆಳಗಿನ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನನ್ನನ್ನು ಮೊದಲ ಸಲ ಒಬ್ಬ ಮನುಷ್ಯನ ಕಿವಿಗೆ ಹಾಕಿ ಚಾಲೂ ಮಾಡಿದರು. ನಾನು ಒಂದು ಶ್ರವಣಯಂತ್ರ. ಜನ ನನ್ನನ್ನು ಕಿವಿ ಮಷಿನ್ನು ಎನ್ನುತ್ತಾರೆ.

ಅದಕ್ಕೂ ಮೊದಲು ಹುಟ್ಟಿದ್ದು ಕಾರ್ಖಾನೆಯೊಂದರ ಮೇಜಿನ ಮೇಲೆ. ಗೋಡಂಬಿಯ ಆಕಾರದ ಪ್ಲಾಸ್ಟಿಕ್ ಕವಚ, ಒಳಗೊಂದು ಮೈಕು, ಒಂದು ಪುಟ್ಟ ಸ್ಪೀಕರು, ಕಿವಿಯೊಳಗೆ ಇಳಿಯುವ ಒಂದು ಕೊಳವೆ. ಇಷ್ಟೇ ನನ್ನ ಮೈ. ಕಣ್ಣಿಲ್ಲ. ಆದ್ದರಿಂದ ಈ ಕತೆಯಲ್ಲಿ ಯಾರ ಮುಖವೂ ಬರುವುದಿಲ್ಲ. ಬ್ಯಾಟರಿಯ ಪುಟ್ಟ ಬಾಗಿಲು ಮುಚ್ಚಿದ್ದರೆ ಮಾತ್ರ ನನಗೆ ಕೇಳಿಸುತ್ತದೆ. ಬಾಗಿಲು ತೆರೆದಿದ್ದಾಗ ನಡೆದದ್ದು ನನಗೆ ಆಮೇಲೆ ಬೇರೆಯವರ ಬಾಯಿಂದ ತಿಳಿದದ್ದು. ಕೇಳಿದ್ದನ್ನು ಕೇಳಿದೆ ಎಂದೂ ತಿಳಿದದ್ದನ್ನು ತಿಳಿಯಿತು ಎಂದೂ ಹೇಳುತ್ತೇನೆ.

ಆ ಕೋಣೆ ಬೆಳಗಾವಿಯ ಮಾಜಿ ಸೈನಿಕರ ದವಾಖಾನೆಯೊಂದರಲ್ಲಿತ್ತು. ಕಿವಿ ಹವಾಲ್ದಾರ್ ಸತ್ಯಪ್ಪ ಯರಗಟ್ಟಿ ಅವರದು, ಊರು ಬೈಲಹೊಂಗಲ. ತೋಪಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದು ಆ ಬೇಸಿಗೆಯಲ್ಲಿ ನಿವೃತ್ತರಾಗಿದ್ದರು. ತೋಪಿನ ಸದ್ದಿಗೆ ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಯಲ್ಲಿ ಉಳಿದಿದ್ದ ಅಷ್ಟಿಷ್ಟಕ್ಕೆ ನನ್ನನ್ನು ಹೊಂದಿಸಿದ್ದರು.

"ಕೇಳಸ್ಲಿಕ್ಕತ್ತೇನ್ರಿ?" ಎಂದು ಕಿವಿ ತಜ್ಞೆ ವಿನುತಾ ಕೇಳಿದರು.

"ಕೇಳಸ್ತೈತ್ರಿ!" ಸತ್ಯಪ್ಪ ಒದರಿದರು.

"ಅಷ್ಟ್ ಜೋರ್ ಬ್ಯಾಡ್ರೀ. ನಾ ಇಲ್ಲೇ ಮುಂದ ಕೂತೀನಿ."

ಪಕ್ಕದಲ್ಲಿ ಒಬ್ಬ ಹೆಂಗಸು ನಕ್ಕರು. ಅವರ ಹೆಂಡತಿ ಮಹಾನಂದಾ. "ಮ್ಯಾಡಮ್ಮಾರ, ಇವರು ಒದರೂದಕ್ಕ ನಮ್ಮನ್ಯಾಗ ಇವತ್ತ ಏನ್ ಪಲ್ಯಾ ಅನ್ನೂದ ಓಣಿಗೆಲ್ಲಾ ಗೊತ್ತಾಗ್ತೈತಿ. ಇನ್ನರ ಮನಿ ಮಾತ ಮನ್ಯಾಗ ಉಳೀತಾವ ನೋಡ್ರಿ."

ಔಷಧದ ಕೌಂಟರಿನಲ್ಲಿ ಒಬ್ಬರು ನನ್ನ ಬ್ಯಾಟರಿಗಳ ಪ್ಯಾಕೆಟ್ಟು ಕೊಟ್ಟರು. ಅವರು ದಸ್ತಗೀರ ನದಾಫ, ತೋಪಖಾನೆಯಲ್ಲೇ ನಾಯ್ಕ್ ಆಗಿದ್ದವರು. "ಒಂದ ಬ್ಯಾಟರಿ ಒಂದ ವಾರ ಬರ್ತೈತ್ರಿ ಸಾಹೇಬ್ರ. ತೀರಿದ ಕೂಡ್ಲೆ ಬರ್ರಿ. ನಾನೂ ಇದ ಜಾತಿ ಮಷಿನ್ನ ಹಾಕ್ಕೊಂಡೀನಿ. ಎರಡೂ ಕಿವಿಗೆ. ನಮಗ ಇದನ್ನ ಫಿಟ್ ಮಾಡಿಸಿ ಮನಿಗೆ ಕಳಿಸಿದ್ದು ತೋಪು."

ಬಸ್ಸು ಹೊರಟಿತು. ಕಂಡಕ್ಟರನ ಸೀಟಿ, ಯಾರದೋ ಕೋಳಿ, ಅಲುಗಾಡುವ ಕಿಟಕಿ ಗಾಜು. ಮಹಾನಂದಾ ಏನೋ ಹೇಳುತ್ತಿದ್ದರು, ಮಗಳು ಸಂಜನಾಳ ಶಾಲೆಯ ವಿಷಯ. ಅವರ ಮಾತು ಅರ್ಧದಲ್ಲಿರುವಾಗ ಸತ್ಯಪ್ಪ ಕಿವಿ ತುರಿಸಿಕೊಳ್ಳುವವರಂತೆ ಕೈ ಹಿಂದಕ್ಕೆ ತಂದರು. ಉಗುರು ನನ್ನ ಬಾಗಿಲಿಗೆ ತಾಗಿತು. ಬಾಗಿಲು ಸ್ವಲ್ಪ ತೆರೆಯಿತು. ನಾನು ಬಂದ್ ಆದೆ.

ಮುಂದಿನ ಚಳಿಗಾಲದಲ್ಲಿ ತಪಾಸಣೆಗೆ ಕರೆದಾಗ ಒಂದು ಸಲ ಕೇಳಿಸಿತು. ಸತ್ಯಪ್ಪ ದವಾಖಾನೆಯ ಪಡಸಾಲೆಯಲ್ಲಿ ನಿಂತು ಹೊಸ ಬ್ಯಾಟರಿ ಹಾಕಿದರು, ನನ್ನ ಬಾಗಿಲು ಮುಚ್ಚಿದರು, ಒಳಗೆ ಹೋದರು.

"ಹೆಂಗದ ಮಷಿನ್ನು?" ಎಂದು ವಿನುತಾ ಕೇಳಿದರು.

"ಫಸ್ಟ್ ಕ್ಲಾಸ್ ರೀ."

"ಮನ್ಯಾಗ ಎಲ್ಲಾರ ಮಾತೂ ತಿಳೀತಾವಲ್ಲಾ?"

"ಎಲ್ಲಾ ತಿಳೀತಾವ್ರಿ."

ಹೊರಗೆ ಬಂದರು. ನನ್ನ ಬಾಗಿಲು ತೆರೆಯಿತು.

ಆಮೇಲೆ ಎಷ್ಟೋ ತಿಂಗಳು ನನಗೆ ಏನೂ ಕೇಳಿಸಲಿಲ್ಲ. ದಿನವೂ ಬೆಳಿಗ್ಗೆ ಸ್ನಾನವಾದ ಮೇಲೆ ನನ್ನನ್ನು ಕಿವಿಗೆ ಏರಿಸುತ್ತಿದ್ದರು, ಮಲಗುವಾಗ ಡಬ್ಬಿಗೆ ಹಾಕುತ್ತಿದ್ದರು. ಕಿವಿಯ ಬಿಸಿ ತಾಗುತ್ತಿತ್ತು, ಬೆವರು ತಾಗುತ್ತಿತ್ತು. ನೋಡುವವರಿಗೆ ಕಿವಿಯಲ್ಲಿ ಮಷಿನ್ನು ಇತ್ತು. ಬಾಗಿಲು ತೆರೆದಿರುವುದು ಕಿವಿಯ ಹಿಂದಿನ ವಿಷಯ. ಅಲ್ಲಿಗೆ ಯಾರೂ ಬಗ್ಗಿ ನೋಡುವುದಿಲ್ಲ.

ಮತ್ತೆ ನನ್ನ ಬಾಗಿಲು ಮುಚ್ಚಿದ್ದು ಜೂನ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ. ಮುಚ್ಚಿದ ಉಗುರು ಸತ್ಯಪ್ಪನವರದಲ್ಲ. ಹಳೆಯ ಬ್ಯಾಟರಿ ಗಾಳಿಗೆ ಸತ್ತುಹೋಗಿತ್ತು. ಅದನ್ನು ತೆಗೆದು ಹೊಸದು ಹಾಕಿ ಕೂರಿಸಿದ ಕೈ ದಸ್ತಗೀರರದು. ಅವರು ಸಂಪಗಾವಿಯವರು, ಬೈಲಹೊಂಗಲ ಅವರಿಗೆ ಹತ್ತಿರ. ನಾನು ಕೇಳಿದ ಮೊದಲ ಮಾತು ಅವರದೇ.

"ಬ್ಯಾಟರಿಗೆ ಯಾಕ ಬರಲಿಲ್ರೀ ಸಾಹೇಬ್ರ?"

"ತೀರಿಲ್ಲ."

"ತೀರಬೇಕಂದ್ರ ಹಚ್ಚಬೇಕಲ್ಲ. ನಮ್ಮ ಮಂದ್ಯಾಗ ಬ್ಯಾಟರಿಗೆ ಬರದಾಂವ ಅಂದ್ರ ಒಂದೋ ಸತ್ತಿರ್ತಾನ, ಇಲ್ಲಾ ಬಂದ್ ಮಾಡಿ ಕುಂತಿರ್ತಾನ. ನೀವು ಸತ್ತಿದ್ರ ನಮ್ಮ ಕೌಂಟರಿಗೆ ಸುದ್ದಿ ಬಂದಿರ್ತಿತ್ತ. ಫೋನ್ ಮಾಡಿದ್ನಿ, ಎತ್ತಲಿಲ್ಲ. ಬಂದೇ ಬಿಟ್ನಿ."

ಫ್ಯಾನು ತಿರುಗುತ್ತಿತ್ತು. ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಅವೆರಡು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದು ಇರಲಿಲ್ಲ.

"ವೈನಿ ಎಲ್ಲಿ?"

"ತವರಿಗೆ ಹೋಗ್ಯಾಳ. ರಾಮದುರ್ಗಕ್ಕ. ಸಂಜನಾನ್ನೂ ಕರಕೊಂಡ ಹೋಗ್ಯಾಳ."

"ಯಾವಾಗ ಬರ್ತಾರ?"

"ಗೊತ್ತಿಲ್ಲ."

"ಯಾಕ ಹೋದ್ರು?"

"ಗೊತ್ತಿಲ್ಲ." ಅವರ ದನಿ ಏರಲಿಲ್ಲ, ಇಳಿಯಲಿಲ್ಲ. ಬಸ್ಸಿನ ವೇಳೆ ಕೇಳಿದವರಿಗೆ ಉತ್ತರ ಹೇಳಿದ ಹಾಗೆ ಇತ್ತು.

ದಸ್ತಗೀರ ತಮ್ಮ ಫೋನಿನಿಂದ ಮಹಾನಂದಾಗೆ ಕರೆ ಮಾಡಿ, ಸ್ಪೀಕರ್ ಹಾಕಿ, ಫೋನನ್ನು ನನ್ನ ಹತ್ತಿರ ಹಿಡಿದರು.

"ಯಾಕ ಹೋದ್ಲು ಅಂತ ಕೇಳ್ತಾರಾ?" ಮಹಾನಂದಾ ಆ ಕಡೆಯಿಂದ ಅಂದರು. "ಅವರನ್ನ ಕೇಳೇ ಬಂದೀನ್ರಿ ಅಣ್ಣಾರ. ಚಹಾ ಕೊಟ್ಟು ಎದುರಿಗೆ ಕುಂತು ಕೇಳೀನಿ. ದಿನಾ ಮಾತಾಡ್ತೀನಿ, ಒಂದಕ್ಕೂ ಉತ್ತರಿಲ್ಲ. ನಿಮಗ ನಾವು ಬೇಕೋ ಬ್ಯಾಡೋ? ನಾ ರಾಮದುರ್ಗಕ್ಕ ಹೋಗಿ ಸಂಜನಾನ್ನ ಅಲ್ಲೇ ಸಾಲಿಗೆ ಹಚ್ಚಲೇನು? ಹಿಂಗ ಬಾಯಿಬಿಟ್ಟ ಕೇಳೀನಿ. ಕೈ ಎತ್ತಿದ್ರು. ಹೋಗು ಅಂತ ಕೈ ಎತ್ತಿದ್ರು. ಮತ್ತ ಚಹಾ ಕುಡದ್ರು."

"ಯಾವ ಕೈ ವೈನಿ? ಹೆಂಗ ಎತ್ತಿದ್ರು?"

"ಬಲಗೈ. ಭುಜದ ಮಟಾ. ಅದನ್ಯಾಕ ಕೇಳ್ತೀರಿ?"

ದಸ್ತಗೀರರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅವರು ಮಹಾನಂದಾಗೆ ಹೇಳಿದ್ದನ್ನು ನಾನು ಚಿಕ್ಕದಾಗಿ ಹೇಳುತ್ತೇನೆ. ತೋಪು ಹಾರುವ ಜಾಗದಲ್ಲಿ ಬಾಯಿಮಾತು ನಡೆಯುವುದಿಲ್ಲ. ಅವರ ತುಕಡಿಯಲ್ಲಿ ಹುಕುಂ ಬಂದಾಗ ಪ್ರತಿಯೊಬ್ಬನೂ ಬಲಗೈಯನ್ನು ಭುಜದ ಮಟ್ಟಕ್ಕೆ ಎತ್ತಬೇಕು. ನಿನ್ನ ಬಾಯಿ ಅಲುಗಾಡಿದ್ದು ನೋಡಿದೆ, ನನ್ನ ಜಾಗದಲ್ಲಿ ನಾನಿದ್ದೇನೆ ಎಂದಷ್ಟೇ ಅದರ ಅರ್ಥ. ಕಿವಿ ಹೋದವನೂ ಎತ್ತುತ್ತಾನೆ. ಎತ್ತದಿದ್ದರೆ ಅವನನ್ನು ತೋಪಿನಿಂದ ತೆಗೆದು ಅಡುಗೆಮನೆಗೆ ಹಾಕುತ್ತಾರೆ. ವರ್ಷಗಟ್ಟಲೆ ಎತ್ತಿದ ಮೇಲೆ, ಎದುರಿನ ತುಟಿ ನಿಂತ ಕೂಡಲೇ ಕೈ ತಾನಾಗಿ ಏರುತ್ತದೆ.

"ಅದು ಹೋಗು ಅನ್ನೂ ಕೈ ಅಲ್ರೀ ವೈನಿ. ಹೂಂ ಅನ್ನೂ ಕೈನೂ ಅಲ್ಲ. ನಾನೂ ನಮ್ಮ ಮಗಳ ನಿಕಾಹದಾಗ ಹಂಗ ಕೈ ಎತ್ತಿ, ಬೀಗರು ಕೇಳಿದ ಬಂಗಾರಕ್ಕೆಲ್ಲಾ ಒಪ್ಪಿಕೊಂಡ ಬಂದೀನಿ."

ಮಹಾನಂದಾ ನಗಲಿಲ್ಲ. "ಆದ್ರ ಮಷಿನ್ನ ಕಿವ್ಯಾಗ ಇತ್ತಲ್ರಿ ಅಣ್ಣಾರ. ನಾ ನೋಡೀನಿ."

ದಸ್ತಗೀರ ಫೋನನ್ನು ಇನ್ನಷ್ಟು ಹತ್ತಿರ ತಂದರು. "ಸಾಹೇಬ್ರ, ಇದನ್ನ ನೀವ ಹೇಳಬೇಕ" ಅಂದರು.

ಫ್ಯಾನು ಎಷ್ಟೋ ಸುತ್ತು ತಿರುಗಿತು.

"ಬಂದ್ ಇತ್ತ" ಅಂದರು ಸತ್ಯಪ್ಪ.

"ಯಾವಾಗಿಂದ?" ಎಂದರು ಮಹಾನಂದಾ.

"ಬಸ್ಸಿನ್ಯಾಗಿಂದ."

ಆ ಕಡೆ ಯಾರೋ ಕೊಡಪಾನ ಇಟ್ಟ ಸದ್ದಾಯಿತು. ಆಮೇಲೆ ಮಹಾನಂದಾ ಮೆಲ್ಲಗೆ ಕೇಳಿದರು. "ಹಂಗಾರ ಇಷ್ಟ ದಿನಾ ನಾ ಯಾರ ಜೋಡಿ ಮಾತಾಡೀನ್ರಿ?"

ಫೋನು ಕಟ್ಟಾಯಿತು.

ದಸ್ತಗೀರ ಬೈಯಲಿಲ್ಲ. ಎದ್ದು ಹೋಗಿ ಚಹಾಕ್ಕೆ ಇಟ್ಟರು. ಸಕ್ಕರೆ ಡಬ್ಬಿ ಹುಡುಕುವ ಸದ್ದು ಬಹಳ ಹೊತ್ತು ಕೇಳಿಸಿತು. ಚಹಾ ಕುಡಿದ ಮೇಲೆ ಹೇಳಿದರು, "ಗುರುವಾರ ಬೆಳಗಾವಿಗೆ ಬರ್ರಿ. ಸೈನಿಕರ ವಿಶ್ರಾಂತಿ ಗೃಹದಾಗ ನಮ್ಮಂಥಾ ಮಂದಿ ಕೂಡ್ತೈತಿ. ಬಂದ್ರ ಚಹಾ, ಬಿಸ್ಕೀಟ. ಬರದಿದ್ರ ನಾ ಮತ್ತ ಭಾನುವಾರ ಇಲ್ಲಿಗೆ ಬರ್ತೀನಿ. ನಿಮ್ಮ ಸಕ್ಕರಿ ಡಬ್ಬಿ ಎಲ್ಲೈತಿ ಅಂತ ಈಗ ಗೊತ್ತಾಗೇತಿ."

ಸತ್ಯಪ್ಪ ಹೋದರು. ಮೊದಲ ಗುರುವಾರ ಏನೂ ಮಾತಾಡಲಿಲ್ಲ. ಎರಡನೆಯ ಗುರುವಾರವೂ ಇಲ್ಲ. ಕಬ್ಬಿಣದ ಕುರ್ಚಿಗಳು ನೆಲಕ್ಕೆ ಉಜ್ಜುವ ಸದ್ದು, ಕೆಮ್ಮು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ಅಲ್ಲಿದ್ದವರಲ್ಲಿ ಕೆಲವರು ಬ್ಯಾಂಕಿನ ಗಾರ್ಡುಗಳು, ಒಬ್ಬರು ಶಾಲೆಯ ಬಸ್ಸು ಓಡಿಸುವವರು, ಕೆಲವರು ಏನೂ ಮಾಡದವರು. ಯಾರೂ ಯಾರನ್ನೂ ಒತ್ತಾಯಿಸುತ್ತಿರಲಿಲ್ಲ.

ಒಂದು ದಿನ ವಿನುತಾ ಅಲ್ಲಿಗೆ ಬಂದರು. ಬಂದ್ ಯಾಕೆ ಮಾಡುತ್ತಿದ್ದಿರಿ ಎಂದು ನೇರವಾಗಿ ಕೇಳಿದರು.

"ಕುಕ್ಕರ್ ಸೀಟಿ ಹೊಡದ್ರ ತಲ್ಯಾಗ ಮೊಳಿ ಬಡದಂಗ ಆಗ್ತಿತ್ರಿ" ಎಂದರು ಸತ್ಯಪ್ಪ. ಕುರ್ಚಿ ಎಳೆದುಕೊಂಡು ಮುಂದುವರಿಸಿದರು. "ಅದಲ್ಲ ಖರೇ ಕಾರಣ. ಬಂದ್ ಮಾಡಿದ್ರ ಒಳಗ ಒಂದ ಕುಂಯ್ ಅಂತ ಸದ್ದ ಇರ್ತೈತಿ. ಅದು ತೋಪಖಾನ್ಯಾಗಿಂದನ ನನ್ನ ಜೋಡಿ ಬಂದಿದ್ದು. ಅದು ನನ್ನ ಏನೂ ಕೇಳೂದಿಲ್ರಿ. ಮನ್ಯಾಗ ಎಲ್ಲಾರೂ ಏನರೆ ಕೇಳ್ತಾರ. ಯಾವ ಸೀರಿ ತರೂನು, ಯಾವ ಸಾಲಿಗೆ ಹಚ್ಚೂನು, ಮುಂದ ಏನ್ ಮಾಡ್ತಿ. ನನಗ ಯಾವದೂ ಬೇಕೂ ಅನಸೂದಿಲ್ಲ, ಬ್ಯಾಡಾನೂ ಅನಸೂದಿಲ್ಲ. ಏನ್ ಹೇಳ್ಲಿ?"

ಯಾರೋ ಒಬ್ಬರು "ನನಗೂ ಹಂಗ" ಅಂದರು. ಇನ್ನೊಬ್ಬರು ಬಿಸ್ಕೀಟು ದಾಟಿಸಿದರು. ಕಿವಿಗೆ ಬಡಿಯುವ ಸದ್ದುಗಳನ್ನು ವಿನುತಾ ನನ್ನೊಳಗೆ ತಗ್ಗಿಸಿಕೊಟ್ಟರು. ಮನಸ್ಸಿನ ಡಾಕ್ಟರೊಬ್ಬರ ಹತ್ತಿರ ವೇಳೆಯನ್ನೂ ಕೊಡಿಸಿದರು. ಆ ಡಾಕ್ಟರ ಕೋಣೆಯೊಳಗೆ ನಾನು ಚಾಲೂ ಇದ್ದೆ. ಅಲ್ಲಿ ಕೇಳಿದ್ದನ್ನು ಹೇಳುವುದಿಲ್ಲ.

ದಸರೆ ಕಳೆದ ಮೇಲಿನ ಒಂದು ಗುರುವಾರ, ದಸ್ತಗೀರರು ಕರೆದದ್ದಕ್ಕೆ, ಮಹಾನಂದಾ ವಿಶ್ರಾಂತಿ ಗೃಹಕ್ಕೆ ಬಂದರು. ಬಳೆಗಳ ಸದ್ದು ಬಂದು ಸತ್ಯಪ್ಪನವರ ಎಡಕ್ಕೆ ಕೂತಿತು. ಮೊದಲು ಅವರು ಕೈ ಹಾಕಿ ಕಿವಿಯ ಹಿಂದೆ ಮುಟ್ಟಿ ನೋಡಿದರು. ಬಾಗಿಲು ಮುಚ್ಚಿತ್ತು.

"ಅವತ್ತ ಕೇಳಿದ್ದನ್ನ ಮತ್ತ ಕೇಳ್ತೀನಿ. ಇದ ಕಡೀ ಸಲ. ನಿಮಗ ನಾವು ಬೇಕೋ ಬ್ಯಾಡೋ?"

ಅಂಗಿಯ ತೋಳು ಸರಕ್ಕನೆ ಉಜ್ಜಿದ ಸದ್ದು ಕೇಳಿಸಿತು. ಬಲಗೈ ಏರುತ್ತಿತ್ತು.

"ಕೈ ಇಳಸ್ರಿ ಸಾಹೇಬ್ರ" ಎಂದು ಹಿಂದಿನಿಂದ ದಸ್ತಗೀರ ಅಂದರು. "ಇಲ್ಲಿ ತೋಪಿಲ್ಲ. ಬಾಯಿಲೆ ಹೇಳ್ರಿ."

ತೋಳು ಕೆಳಗೆ ಬಂತು. ಕೋಣೆಯಲ್ಲಿ ಯಾರೂ ಕೆಮ್ಮಲಿಲ್ಲ.

"ಬೇಕು ಅಂತ ಅನಸೂದಿಲ್ಲ ಇನ್ನೂ" ಅಂದರು ಸತ್ಯಪ್ಪ. "ಯಾವದೂ ಅನಸೂದಿಲ್ಲ. ಆದ್ರ ನೀ ಹೋದ ಮ್ಯಾಲೆ ಫ್ರಿಜ್ಜಿನ ಸದ್ದ ಕೇಳ್ಕೋತ ಕುಂಡ್ರತೀನಿ. ಅದರಕಿಂತ ನಿಂದ ಕೇಳ್ತೀನಿ. ಬಂದ್ ಮಾಡೂದಿಲ್ಲ. ಅಷ್ಟ ಹೇಳಬಲ್ಲೆ."

ಮಹಾನಂದಾರ ಬಳೆಗಳು ಸದ್ದು ಮಾಡಿದವು. "ಫ್ರಿಜ್ಜಿಗಿಂತ ನಾ ಚಲೋ ಅಂದಂಗಾತು. ಇರ್ಲಿ. ಹುಡಿಗೀದು ಸಾಲಿ ನಡದೈತಿ, ನಡುವ ಬಿಡಸೂದಿಲ್ಲ. ಏಪ್ರಿಲ್‌ದಾಗ ನೋಡೂನು. ಅಲ್ಲೀತನಕಾ ದಿನಾ ಫೋನ್ ಹಚ್ಚತೀನಿ. ಎತ್ತಬೇಕು."

ಫೋನು ದಿನವೂ ಬಂತು. ಸತ್ಯಪ್ಪ ಎತ್ತಿದರು. ಅವರ ಮಾತುಗಳಲ್ಲಿ ದೊಡ್ಡದೇನೂ ಇರುತ್ತಿರಲಿಲ್ಲ. ಊಟ ಆತೇನು, ಆತು. ಮಳಿ ಬಂತೇನು, ಇಲ್ಲ. ಏಪ್ರಿಲ್ ಕೊನೆಗೆ ತಾಯಿ ಮಗಳು ಇಬ್ಬರೂ ಬಂದರು. ಬ್ಯಾಗು ಇಟ್ಟ ಸದ್ದು, ನಲ್ಲಿ ತಿರುವಿದ ಸದ್ದು, ಅಡುಗೆಮನೆಯಲ್ಲಿ ಮಹಾನಂದಾ "ಈ ಸಕ್ಕರಿ ಡಬ್ಬಿ ಇಲ್ಲಿ ಯಾರ ಇಟ್ರು?" ಎಂದು ಕೇಳಿದ ಸದ್ದು. ಮರುದಿನದಿಂದ ಸಂಜನಾ ಒಂದು ರೂಢಿ ಮಾಡಿಕೊಂಡಳು. ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, "ಪಪ್ಪಾ, ಚಾಲೂ ಅದೀಯೇನು?"

"ಅದೀನಿ."

ಅವರು ಸಂತೋಷವಾಗಿದ್ದರೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಸದ್ದಿನಿಂದ ಅದು ತಿಳಿಯುವುದಿಲ್ಲ. ಬ್ಯಾಟರಿ ವಾರಕ್ಕೊಂದರಂತೆ ತೀರುತ್ತಿತ್ತು. ಅದು ನನಗೆ ಗೊತ್ತಿರುವ ಸಂಗತಿ.

ಯಂತ್ರಕ್ಕೂ ವಯಸ್ಸಾಗುತ್ತದೆ. ಐದಾರು ವರ್ಷಕ್ಕೆ ನನ್ನ ಮೈಕಿನಲ್ಲಿ ಬೆವರಿನ ಉಪ್ಪು ಕೂತಿತು, ದನಿ ಒಡೆಯತೊಡಗಿತು. ಸತ್ಯಪ್ಪನವರಿಗೆ ಹೊಸ ಮಷಿನ್ನು ಬಂತು. ವಿನುತಾ ನನ್ನನ್ನು ತೊಳೆದು ಒರೆಸಿ, ಕೊಳವೆ ಬದಲಿಸಿ ದವಾಖಾನೆಯ ಒಂದು ಡ್ರಾಯರಿನಲ್ಲಿ ಇಟ್ಟರು. ಹೊಸ ಯಂತ್ರ ಬರುವ ತನಕ ಕಾಯುವವರಿಗೆ ನಾನು ಬದಲಿ. ಕೆಲವರ ಕಿವಿಯಲ್ಲಿ ಹದಿನೈದು ದಿನ, ಕೆಲವರದರಲ್ಲಿ ಒಂದು ತಿಂಗಳು ಇದ್ದು ಮರಳಿ ಬರುತ್ತೇನೆ. ಡ್ರಾಯರಿನಲ್ಲಿ ಬಾಗಿಲು ತೆರೆದೇ ಇರುತ್ತದೆ. ಹಾಗಾಗಿ ನನ್ನ ಮುಪ್ಪಿನಲ್ಲಿ ಹೆಚ್ಚಿನ ಕಾಲ ನನಗೆ ಏನೂ ತಿಳಿಯುವುದಿಲ್ಲ. ನಾನು ಸದ್ದನ್ನು ದೊಡ್ಡದು ಮಾಡಬಲ್ಲೆ. ನನ್ನ ಬಾಗಿಲನ್ನು ನಾನೇ ಮುಚ್ಚಿಕೊಳ್ಳಲಾರೆ.

ಕೊನೆಯದಾಗಿ ನನ್ನನ್ನು ಹಾಕಿಕೊಂಡವನು ನಿಂಗರಾಜ ಎಂಬ ಹುಡುಗ, ಲಾನ್ಸ್ ನಾಯ್ಕ್, ಆಗಷ್ಟೇ ಸೇನೆಯಿಂದ ಬಿಡುಗಡೆಯಾಗಿ ಬಂದವನು. ಕೌಂಟರಿನಲ್ಲಿ ಅವನಿಗೆ ಬ್ಯಾಟರಿ ಕೊಟ್ಟ ದನಿ ನನಗೆ ಪರಿಚಯದ್ದು. ದಸ್ತಗೀರರು ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಆ ಕುರ್ಚಿ ಸತ್ಯಪ್ಪನವರಿಗೆ ಬಂದಿತ್ತು.

"ಹೆಂಗದ, ಕೇಳಸ್ತೈತೇನಪಾ?"

"ಫಸ್ಟ್ ಕ್ಲಾಸ್ ರೀ ಸರ್" ಅಂದ ನಿಂಗರಾಜ.

ಗೇಟು ದಾಟಿದ ಮೇಲೆ ಅವನು ನನ್ನ ಬಾಗಿಲು ತೆರೆದ.

ಮತ್ತೆ ಅದು ಮುಚ್ಚಿದ್ದು ಅವನ ಮನೆಯಲ್ಲಿ, ಸತ್ಯಪ್ಪನವರ ಉಗುರಿನಿಂದ. ಅವರು ಬ್ಯಾಟರಿಯ ಪ್ಯಾಕೆಟ್ಟು ತಂದಿದ್ದರು.