ಆಟ ನಡೆಸುವವನ ಮನೆಯಾಕೆ

ಹುಲಗೆಮ್ಮನಿಗೆ ಒಬ್ಬಳು ಸವತಿ ಇದ್ದಳು. ನಾಲ್ಕು ಗೋಡೆ, ಮೇಲೊಂದಿಷ್ಟು ತಗಡು, ಒಳಗೆ ಎರಡು ಕೇರಂ ಬೋರ್ಡು, ಒಂದು ರೇಡಿಯೋ. ಕೊಪ್ಪಳದ ಸ್ಟೇಷನ್ ಕಡೆಗಿದ್ದ ಮಾಜಿ ಸೈನಿಕರ ಮನರಂಜನಾ ಕೊಠಡಿ ಅದು. ಗಂಡ ವಿರುಪಣ್ಣ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವ ಕೆಲಸ ಮುಗಿಸಿ ಸಂಜೆ ಮನೆಗೆ ಬರುತ್ತಿದ್ದ, ಚಹಾ ಕುಡಿಯುತ್ತಿದ್ದ, ಮೀಸೆ ತೀಡಿಕೊಂಡು ಅಲ್ಲಿಗೆ ಹೊರಡುತ್ತಿದ್ದ. ಯಾವಳಾದರೂ ಹೆಣ್ಣಿನ ಮನೆಗೆ ಹೋಗಿದ್ದರೆ ಅವಳ ಜುಟ್ಟು ಹಿಡಿದು ಜಗಳವಾದರೂ ಆಡಬಹುದಿತ್ತು. ತಗಡಿನ ಕೊಠಡಿಯ ಜುಟ್ಟು ಎಲ್ಲಿ ಹಿಡಿಯಬೇಕು?

ಅವನು ಕುಡಿಯುವವನಲ್ಲ, ಬೈಯುವವನಲ್ಲ. ಆದರೆ ಮನೆಯಲ್ಲಿ ಬಾಯಿಗೆ ಬೀಗ. "ಊಟಕ್ಕ ಏಳ್ರಿ" ಅಂದರೆ "ಹೂಂ." "ಯಲಬುರ್ಗಿಯಿಂದ ಮಗಳು ಬರತಾಳಂತ" ಅಂದರೆ ಅದಕ್ಕೂ "ಹೂಂ." ಎಮ್ಮೆಯಾದರೂ ಕರೆದಾಗ ತಿರುಗಿ ನೋಡುತ್ತದೆ.

ಇದಕ್ಕೆ ಹುಲಗೆಮ್ಮ ತಾನೇ ಒಂದು ಸಮಾಧಾನ ಹುಡುಕಿಕೊಂಡಿದ್ದಳು. ಚೀನಾ ಯುದ್ಧದ ವರ್ಷ ಭರ್ತಿಯಾದವನು ಹದಿನೇಳು ವರ್ಷ ಫೌಜಿನಲ್ಲಿ ಕಳೆದಿದ್ದ. ರಜೆಗೆ ಬಂದರೆ ಪಡಸಾಲೆಯಲ್ಲಿ ಅತ್ತೆ, ಕಟ್ಟೆಯ ಮೇಲೆ ಮಾವ. ಹಿರಿಯರ ಎದುರಿಗೆ ಗಂಡ ಹೆಂಡತಿ ಮಾತಾಡಿದರೆ ಮಾನಗೇಡು ಎನ್ನುವ ಮನೆ ಅದು. ಮಾತು ಕುದುರುವಷ್ಟರಲ್ಲಿ ಟ್ರಂಕು ಮತ್ತೆ ಬಾಗಿಲಿಗೆ ಬರುತ್ತಿತ್ತು. ಈಗ ಅತ್ತೆ ಮಾವ ಇಲ್ಲ, ಮಗಳ ಮದುವೆಯೂ ಆಗಿದೆ, ಅವನು ಪೆನ್ಶನ್ ಮೇಲೆ ಬಂದು ಮೂರು ವರ್ಷವಾಯಿತು. ಫೌಜಿನವರೇ ಹೀಗೆ, ಮಾತು ಕಡಿಮೆ, ಎಂದು ಅವಳು ನಂಬಿದ್ದಳು.

ಆ ನಂಬಿಕೆಗೆ ಕಲ್ಲು ಹಾಕಿದವಳು ಪಕ್ಕದ ಮನೆಯ ಮೈಮುನಬಿ. ಅವಳ ಗಂಡನೂ ಫೌಜಿನಲ್ಲಿ ಲಾರಿ ಓಡಿಸಿದವನು.

"ಅಕ್ಕಾ, ನೀ ನಸೀಬವಂತಿ ಬಿಡು," ಅಂದಳು ಒಂದು ದಿನ. "ನಿಮ್ಮ ಹವಾಲ್ದಾರ ಸಾಹೇಬ್ರು ಬಾಯಿ ತೆಗದ್ರ ಕೊಠಡಿ ತುಂಬ ನಗೀನಂತ. ನಮ್ಮವರು ಮನಿಗೆ ಬಂದು ಅವರ ಮಾತೇ ಹೇಳಿ ಹೇಳಿ ನಗತಾರ. ಮನ್ಯಾಗ ನಿನ್ನ ಎಷ್ಟು ನಗಸತಾರೋ ಏನೋ."

ಜೋಳ ಹಸನು ಮಾಡುತ್ತಿದ್ದ ಹುಲಗೆಮ್ಮ ಮೊರವನ್ನು ಕೆಳಗಿಟ್ಟಳು. "ಯಾರು, ನಮ್ಮವರಾ?"

"ಮತ್ಯಾರು? ತಂಬೋಲಾ ನಡಸೋದು ಅವರೇ ಅಲ್ಲೇನು. ಈ ಐತಾರ ಮನಿಯವರೂ ಬರಬಹುದಂತ. ದಿನಾ ಬರೇ ಗಂಡಸರು, ತಿಂಗಳಿಗೊಮ್ಮೆ ಮನಿಮಂದಿ. ನಿನಗ ಹೇಳಿಲ್ಲೇನು?"

ಹೇಳಿರಲಿಲ್ಲ. ಮಾತು ಇಲ್ಲದ ಗಂಡ ಎಂದರೆ ಹಣೆಬರಹ ಎಂದು ಸುಮ್ಮನಿರಬಹುದು. ಮಾತನ್ನೆಲ್ಲ ಬೇರೆ ಕಡೆ ಸುರಿದು ಖಾಲಿ ಕೊಡ ಹೊತ್ತು ಮನೆಗೆ ಬರುವ ಗಂಡನನ್ನು ಯಾವ ಹೆಂಡತಿ ಸಹಿಸುತ್ತಾಳೆ?

ಭಾನುವಾರ ಅವಳು ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟು, ಮೈಮುನಬಿಯ ಜೊತೆ ಹೋಗಿ ಕೊಠಡಿಯ ಬಾಗಿಲಲ್ಲಿ ನಿಂತಳು. ಒಳಗೆ ವಿರುಪಣ್ಣ ಮೇಜಿನ ಹಿಂದೆ ಕೂತಿದ್ದ, ಕೈಯಲ್ಲೊಂದು ಬಟ್ಟೆಯ ಚೀಲ. ಹೆಂಡತಿಯನ್ನು ನೋಡಿದ್ದೇ ಅವನ ಮೀಸೆ ಇಳಿಯಿತು. ಆಟವೇನೂ ಕಷ್ಟದ್ದಲ್ಲ. ಚೀಲದಲ್ಲಿ ಒಂದರಿಂದ ತೊಂಬತ್ತರವರೆಗೆ ನಂಬರು ಬರೆದ ಕಟ್ಟಿಗೆಯ ಬಿಲ್ಲೆಗಳು. ನಡೆಸುವವನು ಒಂದೊಂದೇ ತೆಗೆದು ಕೂಗಬೇಕು, ಆಡುವವರು ತಮ್ಮ ಚೀಟಿಯಲ್ಲಿ ಆ ನಂಬರಿದ್ದರೆ ಹೊಡೆಯಬೇಕು. ಎಲ್ಲವನ್ನೂ ಮೊದಲು ಹೊಡೆದವರಿಗೆ ಬಹುಮಾನ; ಅಂದಿನ ದೊಡ್ಡ ಬಹುಮಾನ ಒಂದು ಕುಕ್ಕರ್.

ಚೀಟಿ ಹಂಚುತ್ತಿದ್ದವರು ಕಾರ್ಯದರ್ಶಿ ಸುಬೇದಾರ ಅಂದಪ್ಪ. ಎಲ್ಲರಿಗೂ ಕೊಟ್ಟು ಹುಲಗೆಮ್ಮನ ಮುಂದೆ ಬಂದು ಕೈ ಹಿಂದಕ್ಕೆ ತೆಗೆದುಕೊಂಡರು.

"ತಪ್ಪು ತಿಳೀಬ್ಯಾಡ್ರಿ ತಂಗಿ," ಎಂದು ಗೋಡೆಯ ಹಲಗೆ ತೋರಿಸಿದರು. ಪಲ್ಟನ್ನಿನ ನಿಯಮಗಳನ್ನೇ ಅವರು ನೆನಪಿನಿಂದ ಬರೆಸಿ ತೂಗು ಹಾಕಿದ್ದರು: ಹಣ ಕಟ್ಟಿ ಆಡಕೂಡದು. ಕುಡಿದು ಬರಕೂಡದು. ಹೊರಗಿನವರಿಗೆ ಪ್ರವೇಶವಿಲ್ಲ. ಆಟ ನಡೆಸುವವನಾಗಲಿ ಅವನ ಮನೆಯವರಾಗಲಿ ಆ ಆಟ ಆಡಕೂಡದು. "ನಡಸಾವನ ಮನಿಯವರಿಗೇ ಬಹುಮಾನ ಬಂದ್ರ ಉಳದವರು ಏನಂತಾರ? ರೂಲ್ ಅಂದ್ರ ರೂಲ್."

ಅಂತೂ ಸವತಿಯ ಮನೆಯಲ್ಲಿ ಅವಳಿಗೊಬ್ಬಳಿಗೆ ಪಂಕ್ತಿಭೇದ. ಅವಳು ಬರಿಗೈಯಲ್ಲಿ ಕೂತಳು.

ವಿರುಪಣ್ಣ ಮೊದಲು ತಡವರಿಸಿದ. ನಾಲ್ಕು ನಂಬರಾದ ಮೇಲೆ ನಾಲಿಗೆಗೆ ರುಚಿ ಹತ್ತಿತು. "ಏಳು, ಕುಷ್ಟಗಿ ಬಸ್ಸು. ಏಳಕ್ಕ ಅಂತಾರ, ಒಂಬತ್ತಕ್ಕ ಬರತೈತಿ. ಹನ್ನೊಂದು, ಸುಬೇದಾರ ಸಾಹೇಬ್ರ ಎರಡ ಕಾಲು. ತೊಂಬತ್ತು, ನವಲಿ ಊರಿನ ಮುದುಕನ ವಯಸ್ಸು, ಇನ್ನೂ ಕನ್ಯಾ ನೋಡಾಕತ್ತಾನ." ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಹುಲಗೆಮ್ಮನಿಗೂ ನಗು ಬಂತು, ನಗು ಬಂದದ್ದಕ್ಕೆ ಮೈಯೆಲ್ಲ ಉರಿಯಿತು. ಈ ಮಾತುಗಾರ ಎಲ್ಲಿದ್ದ ಇಷ್ಟು ವರ್ಷ? ಇವನಿಗೆ ಅಲ್ಲವೇ ತಾನು ರೊಟ್ಟಿ ಬಡಿದು ಹಾಕಿದ್ದು?

"ಹದಿನೇಳು," ಎಂದು ಕೂಗಿದ ವಿರುಪಣ್ಣ. "ನಮ್ಮಾಕಿ ವನವಾಸ."

"ಮುಗೀತೇನು ಹವಾಲ್ದಾರ?" ಎಂದರು ಗಂಡಸರೆಲ್ಲ ಒಂದೇ ದನಿಯಲ್ಲಿ. ದಿನವೂ ಕೇಳಿ ರೂಢಿಯಾದ ಪ್ರಶ್ನೆ ಅದು.

"ಮುಗೀತು, ಮುಗೀತು," ಅಂದುಬಿಟ್ಟ ಅವನು. ಅಂದ ಮೇಲೆ ಅವಳ ಮುಖ ಕಂಡಿತು.

ಹುಲಗೆಮ್ಮ ತಲೆ ತಗ್ಗಿಸಿದಳು. ತಾನು ಕಾದದ್ದು ಇವನಿಗೆ ಗೊತ್ತಿತ್ತು, ಲೆಕ್ಕವೂ ಗೊತ್ತಿತ್ತು. ಅದನ್ನು ಕಾದವಳಿಗೆ ಒಂದು ದಿನವೂ ಹೇಳದೆ ಇವರಿಗೆಲ್ಲ ಹೇಳಿದ್ದ.

ಮೊದಲ ಆಟದಲ್ಲಿ ಯಾರು ಚೀಟಿ ತುಂಬಿಸಿದರೋ ಅವಳಿಗೆ ಗೊತ್ತಾಗಲಿಲ್ಲ. ಕುಕ್ಕರ್ ಎರಡನೆಯ ಆಟಕ್ಕೆಂದು ಇಟ್ಟಿದ್ದರು. ಚೀಟಿ ಹಂಚಲು ಅಂದಪ್ಪ ಮತ್ತೆ ಎದ್ದಾಗ ಅವಳೂ ಎದ್ದಳು.

"ಸಾಹೇಬ್ರ, ಇವರು ನಡಸದಿದ್ರ ನಾ ಆಡಬಹುದಲ್ರಿ?"

ಅಂದಪ್ಪ ಹಲಗೆಯನ್ನು ಎರಡು ಸಲ ಓದಿದರು. "ರೂಲ್ ಪ್ರಕಾರ ಆಡಬಹುದು."

"ಹಂಗಾದ್ರ ಅವರನ್ನ ಎಬ್ಬಸ್ರಿ."

ವಿರುಪಣ್ಣ ಚೀಲವನ್ನು ಪಂಪಣ್ಣನೆಂಬ ಫೌಜಿನ ಮಾಜಿ ಗುಮಾಸ್ತನ ಕೈಗೆ ಕೊಟ್ಟು ಬಂದು ಹೆಂಡತಿಯ ಪಕ್ಕ ಕೂತ. ಹುಲಗೆಮ್ಮನಿಗೆ ಗೆದ್ದಂತಾಯಿತು. ಸವತಿಯ ಮನೆಯಿಂದಲೇ ಗಂಡನನ್ನು ಕಿತ್ತು ತಂದು ಮಗ್ಗುಲಲ್ಲಿ ಕೂರಿಸಿಕೊಂಡಿದ್ದಳು.

ಪಂಪಣ್ಣ ಹಾಜರಿ ಕೂಗಿದಂತೆ ನಂಬರು ಕೂಗಿದ. ಯಾರೂ ನಗಲಿಲ್ಲ. ಹುಲಗೆಮ್ಮನ ಚೀಟಿ ಮಾತ್ರ ಸರಸರ ತುಂಬುತ್ತಾ ಬಂತು. "ನೋಡ್ರಿ, ಇನ್ನ ಎರಡ ಉಳದಾವು," ಎಂದು ಗಂಡನಿಗೆ ತೋರಿಸಿದಳು.

"ಹೂಂ," ಅಂದ ಅವನು. ಅವನ ಕಣ್ಣು ಪಂಪಣ್ಣನ ಕೈಯಲ್ಲಿದ್ದ ಚೀಲದ ಮೇಲಿತ್ತು.

ಅದೇ ಹೂಂ. ಪಡಸಾಲೆಯ ಹೂಂ, ಊಟದ ಹೂಂ. ಕಿತ್ತು ತಂದದ್ದು ಮನೆಯಲ್ಲಿದ್ದ ಗಂಡನನ್ನೇ. ಇನ್ನೊಬ್ಬ ಅಲ್ಲಿಯೇ, ಮೇಜಿನ ಹಿಂದೆಯೇ ಉಳಿದಿದ್ದ. ಅವಳಿಗೆ ಬೇಕಾದವನು ಅವನು.

ಹುಲಗೆಮ್ಮ ಎದ್ದು ಹೋಗಿ ಚೀಟಿಯನ್ನು ಅಂದಪ್ಪನವರ ಮುಂದಿಟ್ಟಳು. "ನಾ ಆಟದಾಗಿಲ್ರಿ. ಚೀಲ ಅವರಿಗೆ ಕೊಡಸ್ರಿ."

"ಎರಡ ನಂಬರ್ ಉಳದಾವಲ್ಲ ಅಕ್ಕಾ, ಕುಕ್ಕರ್ ಬರತೈತಿ," ಎಂದು ಮೈಮುನಬಿ ಸೀರೆ ಜಗ್ಗಿದಳು.

"ಆಟದ ನಡುವ ಬದಲಿ ಮಾಡಬಹುದಂತ ರೂಲ್ ಇಲ್ಲ ತಂಗಿ," ಅಂದರು ಅಂದಪ್ಪ.

"ಮಾಡಬಾರದಂತನೂ ಬರದಿಲ್ಲಲ್ರಿ."

ಅಂದಪ್ಪ ಇನ್ನೊಮ್ಮೆ ಹಲಗೆ ಓದಿ ಪಂಪಣ್ಣನಿಂದ ಚೀಲ ಕೊಡಿಸಿದರು. ವಿರುಪಣ್ಣ ಮೇಜಿನ ಹಿಂದೆ ಹೋಗಿ ಚೀಲದಲ್ಲಿ ಕೈ ಹಾಕಿದ. ಎರಡು ನಂಬರು ಕೂಗಿದ, ಮಂದಿ ನಕ್ಕರು. ಮೂರನೆಯ ಬಿಲ್ಲೆ ನೋಡಿ ತಡೆದು ನಿಂತ.

"ಹದಿನೇಳು," ಅಂದ, ಅಷ್ಟೇ.

ಕೊಠಡಿ ಬಿಡಲಿಲ್ಲ. "ಮುಗೀತೇನು ಹವಾಲ್ದಾರ?"

ವಿರುಪಣ್ಣ ಹೆಂಡತಿಯನ್ನು ನೋಡಿದ. ಎಲ್ಲರೂ ಅತ್ತ ತಿರುಗಿದರು.

"ಇನ್ನೂ ಇಲ್ರಿ," ಅಂದಳು ಹುಲಗೆಮ್ಮ. "ಮನ್ಯಾಗ ಇನ್ನೂ ನಡದೈತಿ."

ಯಾರೂ ನಗಲಿಲ್ಲ. ವಿರುಪಣ್ಣ ಆ ಬಿಲ್ಲೆಯನ್ನು ಮೇಜಿನ ಮೇಲಿಟ್ಟು, ಉಳಿದ ನಂಬರುಗಳನ್ನು ಬರೀ ನಂಬರುಗಳಾಗಿಯೇ ಕೂಗಿ ಮುಗಿಸಿದ. ಕುಕ್ಕರ್ ಮೈಮುನಬಿಗೆ ಬಂತು.

ಮನೆಗೆ ಹೋಗುವಾಗ ಎಂದಿನಂತೆ ಅವನು ಮುಂದೆ, ಅವಳು ಹಿಂದೆ. ರೈಲ್ವೆ ಗೇಟು ಹಾಕಿತ್ತು. ಅವನು ನಿಂತ, ಅವಳು ಬಂದು ಪಕ್ಕಕ್ಕೆ ನಿಂತಳು. ಗಾಡಿ ಹೋಗಿ ಗೇಟು ತೆರೆದರೂ ಅವನು ಹೆಜ್ಜೆ ಎತ್ತಲಿಲ್ಲ.

"ನಾ ಮಾತಾಡಿದ್ರ ನೀ ನಗತೀಯೇನು?" ಎಂದು ಕೇಳಿದ, ನೆಲ ನೋಡುತ್ತ.

"ಮೊದಲ ಮಾತಾಡ್ರಿ," ಅಂದಳು ಹುಲಗೆಮ್ಮ. "ನಗೋದು ಆಮ್ಯಾಲ ನೋಡೂಣು."